ಹೊಸ್ತಿಲೋ, ಬಾಗಿಲೋ

ಕವಿತೆಗೆ ಪದ ಆರಿಸುವ ಬಗ್ಗೆ ಈ ಮಾತು. ಮೊದಲು ಮೂರು ಸಾಲು:

ಮುಸ್ಸಂಜೆ. ಹೊಸ್ತಿಲ ಮೇಲೆ ಅವ್ವ.
ಮೊರದಲ್ಲಿ ಅಕ್ಕಿ, ಕಣ್ಣು ದಾರಿಗೆ.
ಕಲ್ಲು ಹಾಗೇ ಉಳಿದಿವೆ.

ದುಃಖ, ಆತಂಕ, ನಿರೀಕ್ಷೆ ಎಂಬ ಮಾತು ಎಲ್ಲೂ ಇಲ್ಲ. ಆದರೂ ದಾವಣಗೆರೆ, ದುರ್ಗದ ಕಡೆಯ ಓದುಗರಿಗೆ ಮೊದಲ ಸಾಲಿಗೇ ಏನೋ ಕಸಿವಿಸಿ. ಕಾರಣ ಹೊಸ್ತಿಲು. ಮುಸ್ಸಂಜೆ ಹೊತ್ತಲ್ಲಿ ಹೊಸ್ತಿಲ ಮೇಲೆ ಕೂರಬೇಡ ಅಂತ ಗದರಿಸಿಕೊಳ್ಳದೆ ಬೆಳೆದವರು ಈ ಸೀಮೆಯಲ್ಲಿ ಕಡಿಮೆ. ಹಾಗೆ ಗದರಿಸಬೇಕಾದ ಅವ್ವನೇ ಅಲ್ಲಿ ಕೂತಿದ್ದಾಳೆ ಅಂದರೆ ಮನೆಯಲ್ಲಿ ಏನೋ ಆಗಿದೆ. ಈಗ ‘ಹೊಸ್ತಿಲ ಮೇಲೆ’ ತೆಗೆದು ‘ಬಾಗಿಲ ಬಳಿ’ ಹಾಕಿ ನೋಡಿ. ಅರ್ಥಕ್ಕೆ ಏನೂ ಆಗಲಿಲ್ಲ, ಕಸಿವಿಸಿ ಮಾತ್ರ ಹೊರಟುಹೋಯಿತು. ‘ಸಂಧ್ಯಾಕಾಲ’ ಎಂದರೆ ಅರ್ಘ್ಯ, ಜಪ, ಪಂಚಪಾತ್ರೆ ನೆನಪಾಗುತ್ತವೆ. ‘ಮಾತೆ’ ಎಂದರೆ ಅವ್ವ ಮೊರ ಕೆಳಗಿಟ್ಟು ಕ್ಯಾಲೆಂಡರಿನ ಚಿತ್ರವಾಗಿಬಿಡುತ್ತಾಳೆ.

ಒಂದು ಪದವನ್ನು ಜನ ಎಲ್ಲೆಲ್ಲಿ ಕೇಳಿರುತ್ತಾರೋ ಆ ಜಾಗಗಳೆಲ್ಲ ಅದರ ಬೆನ್ನಿಗೇ ಕವಿತೆಯೊಳಗೆ ಬರುತ್ತವೆ. ಪದ ಆರಿಸುವುದೆಂದರೆ ಯಾವ ಜಾಗವನ್ನು ಒಳಗೆ ಕರೆಯಬೇಕು ಎಂದು ತೀರ್ಮಾನಿಸುವುದು.

ಒಂದು ಹ್ರಸ್ವ ಅಕ್ಷರ ಉಚ್ಚರಿಸುವ ಹೊತ್ತೇ ಒಂದು ಮಾತ್ರೆ. ಕಣ್ಣು, ನಯನ, ನೇತ್ರ, ಅಕ್ಷಿ ನಾಲ್ಕಕ್ಕೂ 3 ಮಾತ್ರೆ. ಭಾಮಿನಿ ಷಟ್ಪದಿ ಎಂಬ ಛಂದಸ್ಸಿನ 3+4 ಮಾತ್ರೆಯ ಲೆಕ್ಕದಲ್ಲಿ ಮೂರರ ಗಣಕ್ಕೆ (ಗುಂಪಿಗೆ) ಯಾವುದನ್ನಿಟ್ಟರೂ ಮಾತ್ರೆ ಕೂಡುತ್ತದೆ. ಛಂದಸ್ಸು ಕಲಿತವರು ಹೆಚ್ಚಾಗಿ ಎಡವುವುದು ಇಲ್ಲೇ: ಲೆಕ್ಕ ಸರಿಹೋಯಿತಲ್ಲ ಎಂದು ಮುಂದಕ್ಕೆ ಹೋಗುತ್ತಾರೆ. ‘ನೇತ್ರ’ ಎಂದ ಕೂಡಲೇ ಉಚಿತ ತಪಾಸಣಾ ಶಿಬಿರದ ಬ್ಯಾನರು, ನೇತ್ರದಾನದ ಅರ್ಜಿ. ‘ಅಕ್ಷಿ’ ಈಗ ಬದುಕಿರುವುದು ಮೀನಾಕ್ಷಿ, ಕಾಮಾಕ್ಷಿಯಂಥ ಹೆಸರುಗಳೊಳಗೆ. ‘ನಯನ’ದಲ್ಲಿ ಮೂರೂ ಲಘು (ಒಂದೊಂದೇ ಮಾತ್ರೆಯ ಅಕ್ಷರ), ನಾಲಿಗೆ ಎಲ್ಲೂ ತಡೆಯದೆ ಜಾರುತ್ತದೆ, ಶೃಂಗಾರಕ್ಕೆ ಒಗ್ಗುತ್ತದೆ. ‘ಕಣ್ಣು’ ಎನ್ನುವಾಗ ‘ಣ್ಣ’ದ ಹತ್ತಿರ ಒಂದು ಗಳಿಗೆ ನಿಲ್ಲಲೇಬೇಕು. ದಾರಿ ಕಾಯುವ ಸಾಲಿಗೆ ಆ ತಡೆ ಬೇಕು. ಇದನ್ನು ಕಣ್ಣಲ್ಲಿ ಓದಿದರೆ ಗೊತ್ತಾಗುವುದಿಲ್ಲ, ಬಾಯಿಬಿಟ್ಟು ಓದಬೇಕು. ಪದವನ್ನಷ್ಟೇ ಅಲ್ಲ, ಇಡೀ ಸಾಲನ್ನು.

ಊರಿನ ಹೆಸರಿಗೂ ಈ ಮಾತು ಸಲ್ಲುತ್ತದೆ. ಹಿರಿಯೂರಿನ ಅಣೆಕಟ್ಟೆಗೆ ಎರಡು ಹೆಸರು. ‘ವಾಣಿವಿಲಾಸ ಸಾಗರ’ಕ್ಕೆ 11 ಮಾತ್ರೆ, ಜೊತೆಗೆ ಮೈಸೂರು ಅರಮನೆಯ ಗತ್ತು. ‘ಮಾರಿಕಣಿವೆ’ಗೆ 6 ಮಾತ್ರೆ, ಎರಡು ಗುಡ್ಡದ ನಡುವಿನ ಸಂದು, ಕಣಿವೆ ಮಾರಮ್ಮ. 1933ರಲ್ಲಿ ತುಂಬಿದ್ದ ಆ ಜಲಾಶಯ 89 ವರ್ಷಗಳ ನಂತರ, 2022ರಲ್ಲಿ, ಮತ್ತೆ ತುಂಬಿ ಹರಿಯಿತು. ಅದನ್ನು ‘ಜಲಾಶಯ ಭರ್ತಿ’ ಎಂದು ಬರೆದರೆ ಹುದ್ದೆ ಭರ್ತಿ, ಅರ್ಜಿ ಭರ್ತಿಯ ಕಚೇರಿ ವಾಸನೆ ಬರುತ್ತದೆ. ‘ಕೋಡಿ ಬಿತ್ತು’ ಎಂದರೆ ಬಾಗಿನ, ನೀರು ನೋಡಲು ಬುತ್ತಿ ಕಟ್ಟಿಕೊಂಡು ಹೊರಟ ಜನ ಎಲ್ಲ ಆ ಎರಡು ಪದದೊಳಗೇ ಇದ್ದಾರೆ. ಕವಿತೆಗೆ ಇದಕ್ಕಿಂತ ಒಳ್ಳೆಯ ಮಾತು ನನಗೆ ತೋಚುವುದಿಲ್ಲ.

ಮಳೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಚಳ್ಳಕೆರೆಯ ಹೊಲದ ಮೇಲೆ ಬರೆದ ಕವಿತೆಗೆ ‘ಸೋನೆ’, ‘ಜಿಟಿಜಿಟಿ’ ತಂದರೆ ಮಲೆನಾಡೇ ಬಂದು ಕೂರುತ್ತದೆ. ಶೇಂಗಾ ಬಿತ್ತುವವರು ಕಾಯುವುದು ಹದಮಳೆಗೆ. ‘ಹದ’ದಲ್ಲಿ ಹಿಡಿ ಮಣ್ಣು ತೆಗೆದು ಅಮುಕಿ ನೋಡುವ ಕೈ ಇದೆ. ಮಂಡಕ್ಕಿಯನ್ನು ಕಡ್ಲೆಪುರಿ ಎಂದರೂ ಅಷ್ಟೇ, ಓದುಗರು ದಾವಣಗೆರೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿರುತ್ತಾರೆ.

ಸಂಸ್ಕೃತ ಪದ ಬೇಡವೆಂದು ಇದರರ್ಥವಲ್ಲ. ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೇ ಎಂದು 12ನೇ ಶತಮಾನದಲ್ಲೇ ಕವಿ ನಯಸೇನ ಕೇಳಿದ್ದ. ಅವನ ತಕರಾರು ಕನ್ನಡ, ಸಂಸ್ಕೃತಗಳ ಬೆರಕೆಯ ಮೇಲೆ. ಓಬವ್ವನ ಕೈಗೆ ‘ಒನಕೆ’ಯ ಬದಲು ‘ಮುಸಲ’ ಕೊಟ್ಟರೆ ಪುರಾಣದ ಆಯುಧ ಬಂತು, ಭತ್ತ ಕುಟ್ಟುವ ಹೆಂಗಸು ಹೋದಳು. ‘ಕಿಂಡಿ’ಯನ್ನು ‘ರಂಧ್ರ’ ಮಾಡಿದರೆ ಒಬ್ಬೊಬ್ಬರಾಗಿ ನುಸುಳಬೇಕಾದ ಇಕ್ಕಟ್ಟೇ ಕಾಣುವುದಿಲ್ಲ. ಅದೇ ಮಠದ ಸ್ವಾಮಿಗಳ ಸಾವಿಗೆ ‘ಲಿಂಗೈಕ್ಯ’ ಸಹಜ. ಮಿಲ್ಲಿನ ಕೂಲಿಯವನಿಗೆ ‘ತೀರಿಕೊಂಡ’ ಸಾಕು. ‘ನಿಧನ’ ಎಂದರೆ ಸರ್ಕಲ್ಲಿನ ಶ್ರದ್ಧಾಂಜಲಿ ಫ್ಲೆಕ್ಸು.

ತಿದ್ದುವಾಗ ಮೊದಲು ಮೌನ, ನೋವು, ಒಲವು, ಕನಸು, ಭಾವ ಈ ಐದನ್ನು ಹುಡುಕಿ ಹೊಡೆದುಹಾಕಿ. ಹೊಡೆದ ಮೇಲೂ ಸಾಲು ನಿಂತರೆ ಆ ಪದ ಬೇಕಿರಲಿಲ್ಲ. ಕುಸಿದರೆ ಅಲ್ಲಿ ಒಂದು ವಸ್ತುವನ್ನೋ ಕೈಕೆಲಸವನ್ನೋ ಇಡಿ. ಆಮೇಲೆ ಅನುಮಾನದ ಪ್ರತಿ ಪದಕ್ಕೂ ಪಕ್ಕದಲ್ಲಿ ಮೂರ್ನಾಲ್ಕು ಸಮಾನಪದ ಬರೆದು, ‘ಇದನ್ನು ಕೊನೆಗೆ ಯಾರ ಬಾಯಲ್ಲಿ ಕೇಳಿದೆ?’ ಎಂದು ಕೇಳಿಕೊಳ್ಳಿ. ಯಾರ ಬಾಯಲ್ಲೂ ಕೇಳಿಲ್ಲ ಎಂದಾದರೆ ಆ ಪದ ಪುಸ್ತಕದಿಂದ ಬಂದದ್ದು. ಇದರ ಇನ್ನೊಂದು ಅತಿಯೂ ಉಂಟು: ಅವ್ವ, ಮೊರ, ಒನಕೆ, ಬೀಸೋಕಲ್ಲು, ಲಾಟೀನು ಎಲ್ಲವನ್ನೂ ಒಂದೇ ಕವಿತೆಗೆ ತುರುಕಿದರೆ ಅದು ವಸ್ತುಸಂಗ್ರಹಾಲಯ. ಮೂರು ಸಾಲಿಗೆ ಒಂದು ಮೊರ ಸಾಕು.

ಪದ ಹಿಡಿದ ಮೇಲೆ ಕ್ರಿಯಾಪದ ನೋಡಿ. ಮೇಲಿನ ಮೂರನೇ ಸಾಲನ್ನು ‘ಕಲ್ಲು ಆರಿಸಿಲ್ಲ’ ಎಂದು ಬರೆದಿದ್ದರೆ ಅದು ಅವ್ವನ ಮೇಲಿನ ದೂರಾಗುತ್ತಿತ್ತು. ‘ಹಾಗೇ ಉಳಿದಿವೆ’ ಎಂದಾಗ ಮೊರದ ಮೇಲೆ ನಿಂತುಹೋದ ಅವಳ ಕೈ ಕಾಣುತ್ತದೆ.