ಸಂಪುಟ ಸಭೆಗೂ ಮುನ್ನ ಕಡತದಲ್ಲಿ ನಡೆಯುವ ಕೆಲಸ

ಸಚಿವ ಸಂಪುಟ ಸಭೆ ಮುಗಿದ ಮೇಲೆ ಸಚಿವರೊಬ್ಬರು ಸುದ್ದಿಗಾರರಿಗೆ ತೀರ್ಮಾನಗಳನ್ನು ವಿವರಿಸಿದಾಗ, ಎಲ್ಲವೂ ಆ ಒಂದೆರಡು ಗಂಟೆಯಲ್ಲೇ ನಿರ್ಧಾರವಾಯಿತೆಂದು ಹೆಚ್ಚಿನವರು ಭಾವಿಸುತ್ತಾರೆ. ಸಚಿವಾಲಯದ ಶಾಖೆಯಲ್ಲಿ ಕಡತ ನಡೆಸುತ್ತಾ ಬಂದಿರುವ ನನಗೆ ಗೊತ್ತಿರುವಂತೆ, ಆ ತೀರ್ಮಾನದ ಗುಣಮಟ್ಟ ಬಹುಮಟ್ಟಿಗೆ ಸಂಪುಟ ಟಿಪ್ಪಣಿಯಲ್ಲೇ, ಅಂದರೆ ಪ್ರಸ್ತಾವನೆಯನ್ನು ವಿವರಿಸಿ ಇಲಾಖೆ ಸಂಪುಟದ ಮುಂದಿಡುವ ಬರಹದಲ್ಲೇ, ನಿಶ್ಚಯವಾಗಿರುತ್ತದೆ.

ಚೌಕಟ್ಟು ಸಂವಿಧಾನದ್ದು. 163ನೇ ವಿಧಿಯಂತೆ ಮಂತ್ರಿಮಂಡಲ ರಾಜ್ಯಪಾಲರಿಗೆ ನೆರವು ಮತ್ತು ಸಲಹೆ ನೀಡುತ್ತದೆ. 164(2)ರಂತೆ ಇಡೀ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಯಾವ ವಿಷಯವನ್ನು ಸಚಿವರೊಬ್ಬರೇ ತೀರ್ಮಾನಿಸಬಹುದು, ಯಾವುದು ಸಂಪುಟದ ಮುಂದೆ ಹೋಗಲೇಬೇಕು ಎಂಬುದನ್ನು ನಮ್ಮ ರಾಜ್ಯದಲ್ಲಿ 166(3)ನೇ ವಿಧಿಯಡಿ ರಚಿಸಿದ 1977ರ ವ್ಯವಹಾರ ನಿರ್ವಹಣಾ ನಿಯಮಗಳು ಹೇಳುತ್ತವೆ.

ನಾನು ಈ ಕೆಲಸವನ್ನು ನಿಜವಾಗಿ ಕಲಿತದ್ದು ವಿದ್ಯಾರ್ಥಿನಿಲಯಗಳಿಗೆ ಸಂಬಂಧಿಸಿದ ಒಂದು ಕಡತದಿಂದ. ಪ್ರಸ್ತಾವನೆಯಲ್ಲಿ ಕಟ್ಟಡದ ವೆಚ್ಚ ವಿವರವಾಗಿತ್ತು. ಆದರೆ ಅಡುಗೆಯವರು, ಕಾವಲುಗಾರರು ಮತ್ತು ಮೇಲ್ವಿಚಾರಕರ ವೇತನ ಪ್ರತಿವರ್ಷ ಎಲ್ಲಿಂದ ಬರಬೇಕು, ಅದಕ್ಕೆ ಯಾವ ಲೆಕ್ಕ ಶೀರ್ಷಿಕೆಯಡಿ ಅನುದಾನವಿದೆ ಎಂದು ಆರ್ಥಿಕ ಇಲಾಖೆ ಕೇಳಿ, ಸಹಮತಿ ನೀಡದೆ ಕಡತವನ್ನು ಹಿಂದಿರುಗಿಸಿತು. ಇಲಾಖೆಯಲ್ಲಿ ಎಲ್ಲರಿಗೂ ಅವಸರವಿತ್ತು. 'ಆರ್ಥಿಕ ಇಲಾಖೆಯೊಂದಿಗೆ ಸಮಾಲೋಚಿಸಲಾಗಿದೆ' ಎಂದು ಒಂದು ಸಾಲು ಬರೆದು ಸಂಪುಟಕ್ಕೆ ಕಳುಹಿಸೋಣ ಎಂಬ ಸಲಹೆಯೂ ಬಂತು. ಆ ಸಾಲು ಸುಳ್ಳಲ್ಲ, ಆದರೆ ಆಕ್ಷೇಪಣೆಯನ್ನು ಪೂರ್ತಿ ಮುಚ್ಚಿಡುತ್ತದೆ. ನಮ್ಮ ಅಧೀನ ಕಾರ್ಯದರ್ಶಿಯವರು ಇದಕ್ಕೆ ಒಪ್ಪಲಿಲ್ಲ. ಆರ್ಥಿಕ ಇಲಾಖೆಯ ಅಭಿಪ್ರಾಯವನ್ನು ಅಕ್ಷರಶಃ ಟಿಪ್ಪಣಿಯಲ್ಲಿ ಸೇರಿಸಿ, ಅದರ ಕೆಳಗೆ ನಮ್ಮ ಉತ್ತರವನ್ನೂ, ಹಣ ಸಾಲದಿದ್ದರೆ ಹಂತಹಂತವಾಗಿ ಜಾರಿ ಮಾಡುವ ಪರ್ಯಾಯವನ್ನೂ ಬರೆಯುವಂತೆ ನನಗೆ ಸೂಚಿಸಿದರು. ಸಂಪುಟ ಆ ಪರ್ಯಾಯವನ್ನೇ ಒಪ್ಪಿತು.

ಅವರ ಹಟದ ಹಿಂದಿದ್ದ ಕಾರಣ ನನಗೆ ಇಂದಿಗೂ ಮುಖ್ಯವೆನಿಸುತ್ತದೆ. ಸಾಮೂಹಿಕ ಹೊಣೆ ಎಂದರೆ, ವಿದ್ಯಾರ್ಥಿನಿಲಯದ ವಿಷಯಕ್ಕೆ ಏನೂ ಸಂಬಂಧವಿಲ್ಲದ ನೀರಾವರಿ ಸಚಿವರೂ ಆ ತೀರ್ಮಾನವನ್ನು ಸದನದಲ್ಲಿ ಸಮರ್ಥಿಸಿಕೊಳ್ಳಬೇಕು, ಇಲ್ಲವೇ ರಾಜೀನಾಮೆ ಕೊಡಬೇಕು. ಅವರು ಮೂಲ ಕಡತವನ್ನು ನೋಡಿರುವುದಿಲ್ಲ. ಅವರ ಕೈಗೆ ಸಿಗುವುದು ಟಿಪ್ಪಣಿಯ ಕೆಲವೇ ಪುಟಗಳು. ಆಕ್ಷೇಪಣೆಯನ್ನು ಅದರಿಂದ ಬಿಟ್ಟುಬಿಟ್ಟರೆ, ತಿಳಿಯದ ವಿಷಯಕ್ಕೆ ಅವರನ್ನು ಹೊಣೆ ಮಾಡಿದಂತಾಗುತ್ತದೆ.

ಸಂಪುಟವನ್ನು ಕೇಳದೆ ಮುಂದುವರಿದರೆ ಏನಾಗುತ್ತದೆ ಎಂಬುದಕ್ಕೆ ದೇಶದ ಮಟ್ಟದಲ್ಲೇ ಉದಾಹರಣೆಯಿದೆ. 1975ರ ಜೂನ್ 25ರ ರಾತ್ರಿ ಪ್ರಧಾನಿಯವರ ಸಲಹೆಯ ಮೇರೆಗೆ ರಾಷ್ಟ್ರಪತಿಗಳು ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು; ಕೇಂದ್ರ ಸಂಪುಟ ಸೇರಿ ಅದನ್ನು ಒಪ್ಪಿದ್ದು ಮರುದಿನ ಬೆಳಿಗ್ಗೆ. ಆದ್ದರಿಂದಲೇ 1978ರ 44ನೇ ತಿದ್ದುಪಡಿಯು, ಸಂಪುಟದ ತೀರ್ಮಾನ ಲಿಖಿತವಾಗಿ ತಲುಪದ ಹೊರತು ರಾಷ್ಟ್ರಪತಿಗಳು ಅಂತಹ ಘೋಷಣೆ ಹೊರಡಿಸುವಂತಿಲ್ಲ ಎಂಬ ಮಾತನ್ನು 352ನೇ ವಿಧಿಯಲ್ಲಿ ಸೇರಿಸಿತು. ಘಟನೋತ್ತರ ಅನುಮೋದನೆಗೆಂದು, ಅಂದರೆ ಕೆಲಸ ಮಾಡಿದ ಮೇಲೆ ಒಪ್ಪಿಗೆ ಕೋರಿ, ಬರುವ ಪ್ರತಿಯೊಂದು ಕಡತವನ್ನೂ ನಾನು ಈ ಚರಿತ್ರೆಯನ್ನು ನೆನೆದೇ ಓದುತ್ತೇನೆ. ಪ್ರವಾಹ ಪರಿಹಾರದಂತಹ ಸಂದರ್ಭಗಳಲ್ಲಿ ಅದು ಅನಿವಾರ್ಯವಿರಬಹುದು, ಆದರೆ ಆಗಿಹೋದ ಕೆಲಸದ ಬಗ್ಗೆ ಸಂಪುಟಕ್ಕೆ ನಿಜವಾದ ಆಯ್ಕೆ ಉಳಿದಿರುವುದಿಲ್ಲ.

ಸಂಪುಟ ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂಬ ಒಕ್ಕಣೆಯೊಂದಿಗೆ ಆದೇಶ ಹೊರಡಬೇಕು, ಸಂಬಂಧಪಟ್ಟವರಿಗೆ ತಲುಪಬೇಕು. ಪಂಜಾಬ್ ರಾಜ್ಯದ ವಿರುದ್ಧ ಬಚಿತ್ತರ್ ಸಿಂಗ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೀಗೆ ತೀರ್ಪಿತ್ತಿತು: ಸಚಿವರು ಕಡತದಲ್ಲಿ ಬರೆದ ಷರಾ ತಾನಾಗಿ ಸರ್ಕಾರದ ಆದೇಶವಾಗದು, ಆದೇಶ ಹೊರಬಿದ್ದು ತಲುಪುವವರೆಗೆ ಅದನ್ನು ಬದಲಿಸಲು ಅವಕಾಶವಿರುತ್ತದೆ. 'ಸಾಹೇಬರು ಸಹಿ ಹಾಕಿದ್ದಾರಲ್ಲ, ಇನ್ನೇಕೆ ತಡ?' ಎಂದು ಕೇಳಿಕೊಂಡು ಬರುವವರಿಗೆ ನಾನು ಇದನ್ನು ತಾಳ್ಮೆಯಿಂದ ವಿವರಿಸುತ್ತೇನೆ. ಹೊಸದಾಗಿ ಶಾಖೆಗೆ ಬರುವ ಸಹಾಯಕರಿಗೆ, ಆದೇಶದ ಕರಡನ್ನು ಸಂಪುಟ ಒಪ್ಪಿದ ನಿರ್ಣಯದೊಂದಿಗೆ ಸಾಲುಸಾಲಾಗಿ ತಾಳೆ ನೋಡಿದ ನಂತರವೇ ಸಹಿಗೆ ಮಂಡಿಸುವಂತೆ ಹೇಳುತ್ತೇನೆ. ಸಂಪುಟ ಹಾಕಿದ ಒಂದು ಷರತ್ತು ಕರಡಿನಲ್ಲಿ ಬಿಟ್ಟುಹೋದರೂ ಹೊರಗೆ ಜಾರಿಯಾಗುವುದು ಸಂಪುಟ ಒಪ್ಪದ ಬೇರೊಂದು ತೀರ್ಮಾನ.