ಬೇರೆಯವರ ಮ್ಯಾಚು, ನಮ್ಮ ಎದೆಬಡಿತ

ನನ್ನದು ಇಂಗ್ಲೆಂಡಿನ ಫುಟ್ಬಾಲ್ ಟೀಮು ಲೀಡ್ಸ್. ಅವರು ಆಡುವಾಗ ನನಗೆ ಅಷ್ಟೇನೂ ಹೆದರಿಕೆ ಆಗುವುದಿಲ್ಲ. ಬೇರೆ ಟೀಮು, ಶೆಫೀಲ್ಡ್ ಯುನೈಟೆಡ್, ಆಡುವಾಗ ಕೈಕಾಲು ತಣ್ಣಗಾಗುತ್ತದೆ. ನಮ್ಮವರು ಆಡಿದರೆ ಬೈಯಲಿಕ್ಕೆ ಹನ್ನೊಂದು ಜನ ಇರುತ್ತಾರೆ, ಕೋಚ್ ಇರುತ್ತಾನೆ. ಬೇರೆಯವರ ಮ್ಯಾಚಿನಲ್ಲಿ ಯಾರನ್ನು ಬೈಯುವುದು? ಸುಮ್ನೆ ಫೋನು ಹಿಡಿದು ಕೂರಬೇಕು.

ಮಂಗಳೂರಿನಲ್ಲಿದ್ದುಕೊಂಡು ಲೀಡ್ಸ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 2000ದ ನವೆಂಬರಿನಲ್ಲಿ ಲೀಡ್ಸ್‌ನ ಮಾರ್ಕ್ ವಿಡುಕಾ ಲಿವರ್‌ಪೂಲ್ ವಿರುದ್ಧ ನಾಲ್ಕು ಗೋಲು ಹೊಡೆದು 4-3ರಲ್ಲಿ ಗೆಲ್ಲಿಸಿದ. ಮನೆಗೆ ಆಗಷ್ಟೇ ಕೇಬಲ್ ಬಂದಿತ್ತು. ಅಷ್ಟೇ ಕಾರಣ. ಆಮೇಲೆ 2004ರಲ್ಲಿ ಅಲ್ಲಿನ ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿದ್ದರು, 2007ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ, 2020ರಲ್ಲಿ ವಾಪಸ್ ಪ್ರೀಮಿಯರ್ ಲೀಗಿಗೆ, 2023ರಲ್ಲಿ ಮತ್ತೆ ಕೆಳಗೆ. ಟೀಮು ಬದಲಾಯಿಸು ಅಂತ ಬುದ್ಧಿ ಹೇಳುವವರು ಇದ್ದಾರೆ. ಅದೆಲ್ಲ ಆಗುವ ಮಾತಾ?

ನಾನು ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೋಟುಗಳ ಲೆಕ್ಕ ಬರೆಯುವವ. ಡೀಸೆಲ್ ಎಷ್ಟು, ಐಸು ಎಷ್ಟು, ಮೀನು ಎಷ್ಟಕ್ಕೆ ಹೋಯ್ತು, ಯಾರ ಪಾಲು ಎಷ್ಟು. ಬೆಳಿಗ್ಗೆ ಬೇಗ ಹೋಗಬೇಕು. ಆದರೆ ಇಂಗ್ಲೆಂಡಿನ ವಾರದ ನಡುವಿನ ಮ್ಯಾಚುಗಳು ನಮಗೆ ಶುರುವಾಗುವುದೇ ಮಧ್ಯರಾತ್ರಿ ದಾಟಿದ ಮೇಲೆ. ಶನಿವಾರದ್ದು ಪರವಾಗಿಲ್ಲ. ಮಾರ್ಚ್ ಕೊನೆಗೆ ಅವರು ಗಡಿಯಾರ ಒಂದು ಗಂಟೆ ಮುಂದೆ ಮಾಡಿಕೊಂಡ ಮೇಲೆ ಮಧ್ಯಾಹ್ನ ಮೂರರ ಮ್ಯಾಚು ನಮಗೆ ಸಂಜೆ ಏಳೂವರೆಗೆ ಬರುತ್ತದೆ. ಸೀಸನ್ನಿನ ಅತಿ ಕೆಟ್ಟ ಟೆನ್ಶನ್ ಊಟದ ಹೊತ್ತಿಗೇ ಸಿಗುವ ಹಾಗೆ!

ಪ್ರೀಮಿಯರ್ ಲೀಗಿನ ಕೆಳಗಿನ ಲೀಗು ಚಾಂಪಿಯನ್‌ಶಿಪ್‌ನಲ್ಲಿ 24 ಟೀಮು, ಒಬ್ಬೊಬ್ಬರಿಗೆ 46 ಮ್ಯಾಚು. ಮೊದಲ ಎರಡು ಟೀಮು ನೇರ ಮೇಲೆ. ಆಗ ಮೂರರಿಂದ ಆರರವರೆಗಿನವರು ಇನ್ನೊಂದು ಜಾಗಕ್ಕಾಗಿ ಪ್ಲೇಆಫ್ ಆಡಬೇಕಿತ್ತು. ಬೇರೆಯವರಿಗೆ ಪ್ಲೇಆಫ್ ಅಂದರೆ ಇನ್ನೊಂದು ಅವಕಾಶ. ನಮಗೆ ಶಾಪ. 1987ರಿಂದ ಆರು ಸಲ ಆಡಿ ಒಮ್ಮೆಯೂ ಮೇಲೆ ಹೋಗಿಲ್ಲ. 2024ರಲ್ಲಿ 90 ಅಂಕ ತೆಗೆದೂ ಮೂರನೇ ಸ್ಥಾನ. ಲಂಡನ್ನಿನ ವೆಂಬ್ಲಿಯಲ್ಲಿ ಪ್ಲೇಆಫ್ ಫೈನಲಿನಲ್ಲಿ ಸೌತಾಂಪ್ಟನ್ ಒಂದೇ ಗೋಲಿನಲ್ಲಿ ಕಥೆ ಮುಗಿಸಿತು. ಅದು ಮೇ 26. ಇಲ್ಲಿ ಮೀನುಗಾರಿಕೆ ಬಂದ್ ಆಗುವ ಮುಂಚಿನ ವಾರ, ವರ್ಷದ ಲೆಕ್ಕವೆಲ್ಲ ಚುಕ್ತಾ ಮಾಡುವ ಸಮಯ. ಒಂದು ಬೋಟಿನ ಲೆಕ್ಕ ಮೂರು ಸಲ ಕೂಡಿಸಿದರೂ ತಾಳೆಯಾಗಲಿಲ್ಲ.

ಹಾಗಾಗಿ 2025ರ ವಸಂತದಲ್ಲಿ ಮೂರನೇ ಸ್ಥಾನ ಅನ್ನುವ ಶಬ್ದ ಕೇಳಿದರೇ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಮಾರ್ಚಿನಲ್ಲಿ ಪೋರ್ಟ್ಸ್‌ಮತ್‌ಗೆ ಸೋತರು. ಕ್ಯೂಪಿಆರ್ ಜೊತೆ ಡ್ರಾ. ಸ್ವಾನ್ಸಿ ವಿರುದ್ಧ 86ನೇ ನಿಮಿಷಕ್ಕೆ ನಮ್ಮ ನ್ಯೋಂಟೋ ಗೋಲು ಹೊಡೆದ, 2-1. ನಾನು ಫೋನು ಕೆಳಗಿಟ್ಟು ನೀರು ಕುಡಿದು ಬಂದೆ. ಇಂಜುರಿ ಟೈಮಿನಲ್ಲಿ ಚೆಂಡು ನಮ್ಮ ಗೋಲ್‌ಕೀಪರ್ ಕಾಲಿನ ಎಡೆಯಿಂದ ಹೋಗಿ 2-2. ಮುಂದಿನ ಮ್ಯಾಚಿಗೆ ಕೋಚ್ ಡೇನಿಯಲ್ ಫಾರ್ಕೆ ಗೋಲ್‌ಕೀಪರನ್ನೇ ಬದಲಾಯಿಸಿದ. ತಡ ಆಯ್ತು ಅಂತ ನನ್ನ ಅಭಿಪ್ರಾಯ.

ಆಗಲೇ ಈ ಬೇರೆಯವರ ಮ್ಯಾಚಿನ ಹುಚ್ಚು ಶುರುವಾದದ್ದು. ಎರಡು ಸೀಟಿಗೆ ಮೂವರು: ನಾವು, ಬರ್ನ್‌ಲಿ, ಶೆಫೀಲ್ಡ್. ಏಪ್ರಿಲ್ ಮೊದಲಿಗೆ ಶೆಫೀಲ್ಡ್ ಆಕ್ಸ್‌ಫರ್ಡ್‌ಗೆ ಸೋತಿತು, ಆಮೇಲೆ ಮಿಲ್ವಾಲ್‌ಗೆ, ಆಮೇಲೆ ಪ್ಲಿಮತ್‌ಗೆ. ಪ್ಲಿಮತ್ ಆಗ ಪಟ್ಟಿಯ ತೀರಾ ಕೆಳಗೆ. ಆ ಊರು ಮ್ಯಾಪಿನಲ್ಲಿ ಎಲ್ಲಿದೆ ಅಂತ ಹುಡುಕಿ ನೋಡಿದೆ. ಬಂದರಿನ ಊರಂತೆ. ಖುಷಿಯಾಯ್ತು.

ಬೆಂಗ್ರೆಯ ಗೆಳೆಯನೊಬ್ಬನಿದ್ದಾನೆ. ಅಲ್ಲಿ ಫುಟ್ಬಾಲ್ ಅಂದರೆ ಮನೆಮನೆಯ ಮಾತು, ಅವನೂ ಆಡಿದವನೇ. "ಮಾರಾಯ, ನೀನು ಆಟ ನೋಡುವುದಲ್ಲ, ಲೆಕ್ಕ ನೋಡುವುದು" ಅಂತ ನಗುತ್ತಾನೆ. ಅವನು ಹೇಳುವುದೂ ಸರಿಯೇ.

ಏಪ್ರಿಲ್ 21. ಈಸ್ಟರ್ ಮರುದಿನ, ಅವರಿಗೆ ರಜೆ, ನನಗಿಲ್ಲ. ನಮ್ಮವರು ಸ್ಟೋಕ್ ಮೇಲೆ 6-0. ಪಿರೂ ಮಧ್ಯಂತರದ ಒಳಗೇ ನಾಲ್ಕು ಹೊಡೆದಿದ್ದ. ಅಷ್ಟು ಸುಲಭದ ಮ್ಯಾಚು ಸಿಗುವುದೇ ಅಪರೂಪ. ನಮಗೆ 94 ಅಂಕ ಆಯ್ತು. ಶೆಫೀಲ್ಡ್ 86ರಲ್ಲಿತ್ತು, ಮೂರು ಮ್ಯಾಚು ಬಾಕಿ. ಮೂರೂ ಗೆದ್ದರೆ 95. ರಾತ್ರಿ ಹತ್ತಕ್ಕೆ ಅವರು ಬರ್ನ್‌ಲಿಗೆ ಹೋಗಿ ಆಡಬೇಕು. ಡ್ರಾ ಆದರೂ ನಾವು ಮೇಲೆ. ಅಂದರೆ ಇಡೀ ವರ್ಷ ಯಾರು ಸೋಲಲಿ ಅಂತ ಹರಕೆ ಹೊತ್ತಿದ್ದೆನೋ, ಅದೇ ಬರ್ನ್‌ಲಿ ಈಗ ನನ್ನ ಟೀಮು.

ಬರ್ನ್‌ಲಿಯ ಡಿಫೆನ್ಸ್ ಕಲ್ಲಿನ ಗೋಡೆ. 46 ಮ್ಯಾಚಿನಲ್ಲಿ ಬಿಟ್ಟುಕೊಟ್ಟದ್ದು 16 ಗೋಲು. ಇಷ್ಟು ದಿನ ಬೋರು ಟೀಮು ಅಂತ ಬೈದಿದ್ದೆ. ಬ್ರೌನ್‌ಹಿಲ್ ಹೊಡೆದ, ಶೆಫೀಲ್ಡ್ ಸಮ ಮಾಡಿತು, ಬ್ರೌನ್‌ಹಿಲ್ ಪೆನಾಲ್ಟಿಯಲ್ಲಿ ಮತ್ತೆ ಹೊಡೆದ. ಮಧ್ಯಂತರಕ್ಕೆ 2-1. ಆಮೇಲೆ 45 ನಿಮಿಷ ಫೋನಿನಲ್ಲಿ ಏನೂ ಬದಲಾಗಲಿಲ್ಲ. ನೆಟ್‌ವರ್ಕ್ ಹೋಗಿದೆಯಾ ಅಂತ ಎರಡು ಸಲ ಜಗಲಿಗೆ ಹೋಗಿ ನೋಡಿದೆ. ಅಮ್ಮ ಎದ್ದು ಬಂದು, "ಎಂತ ಆಯ್ತಾ? ಯಾರಿಗಾದರೂ ಹುಷಾರಿಲ್ವಾ?" ಅಂದರು. ಇಲ್ಲಮ್ಮ, ಬರ್ನ್‌ಲಿ ಗೆಲ್ಲಬೇಕು ಅಂದೆ. "ನಿನ್ನದು ಅದಲ್ಲ ಅಲ್ವಾ?" ಅಂತ ಹೇಳಿ ಮಲಗಲು ಹೋದರು. ಅಮ್ಮನಿಗೂ ಅಷ್ಟು ಗೊತ್ತಾಗಿಬಿಟ್ಟಿದೆ.

ಬರ್ನ್‌ಲಿ ಗೆದ್ದಿತು. ಅವರೂ ಮೇಲೆ, ನಾವೂ ಮೇಲೆ. ಕೊನೆಯ ದಿನ ನನ್ನ ಹಳೇ ಪ್ರೀತಿಯ ಪ್ಲಿಮತ್ ಮೇಲೆ ಸೊಲೊಮನ್ ಇಂಜುರಿ ಟೈಮಿನಲ್ಲಿ ಹೊಡೆದು ಕಪ್ಪೂ ನಮಗೇ. ಇಬ್ಬರಿಗೂ 100 ಅಂಕ, ಗೋಲು ವ್ಯತ್ಯಾಸದಲ್ಲಿ ನಾವು ಮೊದಲು. ಸ್ಟೋಕ್ ಮೇಲಿನ ಆ ಆರು ಗೋಲು ವೇಸ್ಟ್ ಆಗಲಿಲ್ಲ ನೋಡಿ.

ಶೆಫೀಲ್ಡ್ ಕಥೆ ಕೇಳಬೇಡಿ. 90 ಅಂಕ, ಮೂರನೇ ಸ್ಥಾನ. ವೆಂಬ್ಲಿಯಲ್ಲಿ ಸಂಡರ್‌ಲೆಂಡ್ ಕೊನೇ ಗಳಿಗೆಯಲ್ಲಿ ಹೊಡೆದು 2-1. ಹಿಂದಿನ ವರ್ಷದ ನಮ್ಮದೇ ಜಾತಕ. ನಗಬೇಕು ಅಂತ ಕೂತಿದ್ದೆ, ನಗು ಬರಲಿಲ್ಲ.

ಇನ್ನಾದರೂ ಆರಾಮಾಗಿ ಮಲಗುತ್ತೀಯಾ ಅಂತ ಬೆಂಗ್ರೆಯವನು ಕೇಳಿದ. ಹೇಗೆ ಮಲಗುವುದು? 2023ರಲ್ಲೂ 2024ರಲ್ಲೂ ಮೇಲೆ ಹೋದ ಮೂರಕ್ಕೆ ಮೂರೂ ಟೀಮು ಮರುವರ್ಷವೇ ವಾಪಸ್ ಬಿದ್ದಿವೆ. ಪ್ರೀಮಿಯರ್ ಲೀಗಿನಲ್ಲಿ 20ರಲ್ಲಿ 17ನೆಯವರಾದರೆ ಸಾಕು, ಆದರೆ ಆ ಲೆಕ್ಕವನ್ನು ಆಗಸ್ಟಿನಿಂದಲೇ ಶುರು ಮಾಡಬೇಕು ಅಂದೆ.

"ಹಾಗಾದರೆ ಮೇಲೆ ಹೋದದ್ದಾದರೂ ಯಾಕೆ ಮಾರಾಯ?" ಅಂದ.