ಜೀವನ ಚರಿತ್ರೆ ಬರೆಯೋರು ಮನೆಯವರನ್ನ ಮಾತ್ರ ಕೇಳಿದ್ರೆ ಸಾಕಾಗಲ್ಲ

ನಾನು ಉಡುಪಿ ಕಡೆಯ ಒಂದು ಸಿಎಸ್‌ಐ ಸಭೆಯ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾಕ್ಕೆ ಸೇರಿದ ಚರ್ಚಿನ, ಆಫೀಸಲ್ಲಿ ಕೆಲಸ ಮಾಡೋದು. ರಿಜಿಸ್ಟರ್ ಬರೆಯೋದು, ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟ್ ಕೊಡೋದು, ವಂತಿಗೆಗೆ ರಸೀದಿ ಹರಿಯೋದು, ಇದೆಲ್ಲ ದಿನಾ ಇರೋದೇ. ಇದರ ಜೊತೆ ಇನ್ನೊಂದು ಕೆಲಸ ಉಂಟು, ಸಭೆಯವರು ಯಾರಾದ್ರೂ ತೀರಿಕೊಂಡ್ರೆ ಶವಸಂಸ್ಕಾರದ ಆರಾಧನೆಯಲ್ಲಿ ಓದುವ ಜೀವನ ಚರಿತ್ರೆ ತಯಾರು ಮಾಡೋದು. ಬೇರೆ ಕೆಲಸ ಎಲ್ಲ ನಾಳೆಗೆ ಇಟ್ಟುಕೊಳ್ಳಬಹುದು, ಇದಕ್ಕೆ ನಾಳೆ ಅಂತ ಇಲ್ಲ. ರಾತ್ರಿ ಫೋನ್ ಬಂದ್ರೆ ಮರುದಿನ ಮಧ್ಯಾಹ್ನದ ಒಳಗೆ ಸಭಾಪಾಲಕರ (ಪಾಸ್ಟರ್) ಕೈಯಲ್ಲಿ ಒಂದೂವರೆ ಪುಟ ಇರಬೇಕು. ಹೊಸತಾಗಿ ಈ ಕೆಲಸಕ್ಕೆ ಬಂದವರು ಹೇಗೆ ಬರೆಯೋದು ಅಂತ ಆಗಾಗ ಕೇಳ್ತಾರೆ, ಅದಕ್ಕೇ ಇಷ್ಟು ಬರೀತಾ ಇದ್ದೇನೆ.

ಮನೆಯವರು ವಾಟ್ಸಾಪಲ್ಲಿ ಕಳಿಸೋದು ಹೆಚ್ಚುಕಮ್ಮಿ ಒಂದೇ ತರ ಇರ್ತದೆ. ಪ್ರಾರ್ಥನಾಶೀಲರು, ಸರಳ ಸ್ವಭಾವದವರು, ಅತಿಥಿಸತ್ಕಾರದಲ್ಲಿ ಎತ್ತಿದ ಕೈ, ಸ್ತ್ರೀ ಅನ್ಯೋನ್ಯ ಕೂಟದ (ಚರ್ಚಿನ ಹೆಂಗಸರ ಸಂಘ) ಖಜಾಂಚಿ, ಇಂತಿಷ್ಟು ಮಕ್ಕಳು ಮೊಮ್ಮಕ್ಕಳು. ಇದರಲ್ಲಿ ಸುಳ್ಳು ಯಾವುದೂ ಇಲ್ಲ, ಆದ್ರೆ ಹೆಸರು ಬದಲಾಯಿಸಿ ಯಾರಿಗೆ ಬೇಕಾದ್ರೂ ಓದಬಹುದು. ಅವರನ್ನ ದೂರೋದಲ್ಲ, ಮನೆಯ ಒಳಗೆ ಶವ ಇರುವಾಗ ಯಾರಿಗೆ ತಾನೇ ಎಂತ ನೆನಪಾಗ್ತದೆ ಹೇಳಿ. ನೆನಪು ಮಾಡಿಸುವ ಕೆಲಸ ನಮ್ಮದು.

ನಾನು ಮೊದಲು ತೆಗೆಯೋದು ರಿಜಿಸ್ಟರ್. ಆಧಾರಲ್ಲಿ ಜನ್ಮದಿನ ಜೂನ್ 1 ಅಂತ ಇದ್ರೆ ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಅಂತಲೇ ಎಷ್ಟೋ ಸಲ, ನಿಜವಾದ ತಾರೀಕು ದೀಕ್ಷಾಸ್ನಾನದ ಪುಸ್ತಕದಲ್ಲಿ ಸಿಗ್ತದೆ. ಅಲ್ಲಿ ತಾರೀಕಿಗಿಂತ ದೊಡ್ಡದೂ ಸಿಗ್ತದೆ. ನಮ್ಮ ಸಭೆಯಲ್ಲಿ ತೀರಿಕೊಂಡ ಒಬ್ಬ ನಿವೃತ್ತ ನರ್ಸಮ್ಮನ ವಿಷಯ ಹೇಳ್ತೇನೆ, ಮಕ್ಕಳ ಒಪ್ಪಿಗೆ ಕೇಳಿಯೇ ಬರೆಯೋದು, ಹೆಸರು ಬೇಡ. ಅವರ ದೀಕ್ಷಾಸ್ನಾನದ ಸಾಲಲ್ಲಿ ತಂದೆಯ ಉದ್ಯೋಗ ಅಂತ ಇರುವಲ್ಲಿ "ಹಂಚಿನ ಕಾರ್ಖಾನೆ, ಜೆಪ್ಪು" ಅಂತ ಇತ್ತು. ಎರಡು ಮೂರು ಪದ ಅಷ್ಟೆ, ಆದ್ರೆ ಒಂದು ಮನೆತನದ ಕಥೆ ಪೂರ್ತಿ ಅದರಲ್ಲಿ ಉಂಟು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಆಗ ಕ್ರೈಸ್ತರಾದವರನ್ನ ಜಾತಿಯಿಂದ ಹೊರಗೆ ಹಾಕ್ತಿದ್ರು, ಜಾತಿ ಹೋದ್ರೆ ಮನೆ, ಗೇಣಿ ಗದ್ದೆ, ಕಸುಬು ಎಲ್ಲ ಹೋದ ಹಾಗೆ. ಅವರಿಗೆ ಅನ್ನದ ದಾರಿ ಆಗಬೇಕು ಅಂತ ಮಿಶನ್‌ನವರು ನೇಯ್ಗೆ, ಅಚ್ಚುಕೂಟ ಶುರು ಮಾಡಿದ್ರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್‌ನ ಪ್ಲೆಬ್ಸ್ಟ್ ಅನ್ನುವವರು ಹಂಚಿನ ಕಾರ್ಖಾನೆ ಕಟ್ಟಿದ್ರು. ಮೊದಲನೇ ಮಹಾಯುದ್ಧದಿಂದಾಗಿ ಅದು ಮಿಶನ್ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಕೈಗೆ ಹೋಯ್ತು. ಈ ಅಮ್ಮನ ತಂದೆಯ ಕೂಲಿ ಅಲ್ಲಿಂದಲೇ. ಹಂಚಿನ ಒಲೆಯ ಬಿಸಿಯಲ್ಲಿ ದುಡಿದ ಮನುಷ್ಯ ಮಗಳನ್ನ ನರ್ಸಿಂಗ್ ಓದಿಸಿದ್ದು ಅಂತ ನಾನು ಬರೆದಾಗ ಮಕ್ಕಳಿಗೇ ಅದು ಹೊಸ ಸುದ್ದಿ, ಅಜ್ಜ "ಮಂಗಳೂರಲ್ಲಿ ಇದ್ರು" ಅಂತ ಮಾತ್ರ ಅವರಿಗೆ ಗೊತ್ತಿದ್ದದ್ದು.

ಆಮೇಲೆ ಅವರ ಕೆಲಸ. ಉಡುಪಿಯ ಮಿಶನ್ ಆಸ್ಪತ್ರೆ, ಅಂದ್ರೆ ಲೊಂಬಾರ್ಡ್ ಆಸ್ಪತ್ರೆ, 1923ರಲ್ಲಿ ಸ್ವಿಸ್ ಡಾಕ್ಟರ್ ಇವಾ ಲೊಂಬಾರ್ಡ್ ಹೆಂಗಸರು ಮಕ್ಕಳಿಗೆ ಅಂತ ಶುರು ಮಾಡಿದ್ದು, ಅಲ್ಲಿಯ ಹೆರಿಗೆ ವಾರ್ಡಲ್ಲೇ ಇವರ ಹೆಚ್ಚಿನ ಸರ್ವಿಸ್ ಕಳೆದದ್ದು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ, ಅಲ್ಲಿಗೆ ನಿಲ್ಲಿಸಿದ್ರೂ ಯಾರೂ ಕೇಳ್ತಿರಲಿಲ್ಲ.

ಆದ್ರೆ ನಾನು ಆ ಮನೆಗೆ ಹೋಗಿ ಅಂಗಳದಲ್ಲಿ ಕೂತೆ. ಈ ಕೆಲಸದಲ್ಲಿ ನಾನು ಬಿಡದೆ ಮಾಡೋದು ಇದೊಂದು, ಒಳಗೆ ಹೋಗಿ ಮಕ್ಕಳ ಹತ್ರ ಮಾತಾಡೋದಕ್ಕಿಂತ ಹೊರಗೆ ಕುರ್ಚಿಯಲ್ಲಿ ಕೂತವರ ಹತ್ರ ಮಾತಾಡೋದು, ಅದರಲ್ಲೂ ನಮ್ಮ ಸಭೆಯವರಲ್ಲದವರ ಹತ್ರ. ಬೀಡಿ ಕಟ್ಟುವ ಒಬ್ಬ ಅಕ್ಕ ಗೇಟಿನ ಹತ್ರವೇ ನಿಂತಿದ್ರು, ಒಳಗೆ ಬರ್ಲಿಕ್ಕೆ ಅವರಿಗೆ ಸಂಕೋಚ. ನಾನು ಬರೆಯೋದು ನೋಡಿ ಅವರೇ ಬಂದು ಕೇಳಿದ್ರು, "ನೀವು ಚರ್ಚಿನವರಾ? ಮಾತ್ರೆಯದ್ದು ಬರೆದ್ರಾ?"

ಯಾವ ಮಾತ್ರೆ ಅಂತ ಕೇಳಿದೆ. ಅವರಿಗೆ ಮುಂಚೆ ಟಿಬಿ ಇತ್ತಂತೆ. ಆಗಿನ ಡಾಟ್ಸ್ ಪದ್ಧತಿಯಲ್ಲಿ ವಾರಕ್ಕೆ ಮೂರು ದಿನ ಮಾತ್ರೆ, ಅದೂ ಇನ್ನೊಬ್ಬರ ಕಣ್ಣೆದುರೇ ನುಂಗಬೇಕು, ಕಡಿಮೆ ಅಂದ್ರೂ ಆರು ತಿಂಗಳು. ಆಸ್ಪತ್ರೆಗೆ ಹೋಗಿ ಕ್ಯೂ ನಿಂತ್ರೆ ಊರಿಗೆಲ್ಲ ಗೊತ್ತಾಗ್ತದೆ, ಮದುವೆಗೆ ಇರುವ ಮಗಳು ಮನೆಯಲ್ಲಿ. ನಿವೃತ್ತಿಯಾದ ಈ ನರ್ಸಮ್ಮ ಆರೋಗ್ಯ ಕೇಂದ್ರದಿಂದ ಆ ಕೆಲಸ ಒಪ್ಪಿಕೊಂಡು ತಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಮಾತ್ರೆ ಕೊಡ್ತಿದ್ರು. ಒಬ್ಬೊಬ್ಬ ರೋಗಿಗೆ ಒಂದೊಂದು ಡಬ್ಬ ಬರ್ತಿತ್ತು, ಹೊಸಬರಿಗೆ ಕೆಂಪು, ಎರಡನೇ ಸಲ ಮದ್ದು ಮಾಡುವವರಿಗೆ ನೀಲಿ. ಎರಡು ತಿಂಗಳಾದ ಮೇಲೆ ವಾರದ ಮೊದಲ ಡೋಸ್ ಎದುರಲ್ಲಿ, ಉಳಿದದ್ದು ಮನೆಯಲ್ಲಿ ತಗೊಂಡು ಖಾಲಿ ಪಟ್ಟಿ ವಾಪಸು ತಂದು ತೋರಿಸಬೇಕು. "ಖಾಲಿ ಹೊಟ್ಟೆಯಲ್ಲಿ ನುಂಗಿದ್ರೆ ವಾಂತಿ ಬರ್ತದೆ ಅಂತ ಮೊದಲು ಗಂಜಿ ಕೊಡ್ತಿದ್ರು, ಗಂಜಿ ಕುಡಿಯದೆ ಮಾತ್ರೆ ಕೈಗೆ ಕೊಡ್ತಿರಲಿಲ್ಲ" ಅಂದ್ರು ಆ ಅಕ್ಕ. ಒಂದು ವಾರ ಇವರು ಹೋಗದೆ ಇದ್ದಾಗ ನರ್ಸಮ್ಮನೇ ಕೊಡೆ ಹಿಡ್ಕೊಂಡು ಮಳೆಯಲ್ಲಿ ಬಂದ್ರಂತೆ, ಯಾಕೆ ಬಂದದ್ದು ಅಂತ ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ ಕೈಯಲ್ಲಿ ಬಸಳೆ ಕಟ್ಟು ಬೇರೆ.

ಮಕ್ಕಳಿಗೆ ಇದು ಗೊತ್ತೇ ಇರಲಿಲ್ಲ. ಬರ್ತಾ ಹೋಗ್ತಾ ಇದ್ದವರನ್ನ ಬಿಪಿ ನೋಡಿಸ್ಲಿಕ್ಕೆ ಬಂದವರು ಅಂದ್ಕೊಂಡಿದ್ರು. ಇಲ್ಲಿ ನಮ್ಮ ಕೆಲಸದ ಒಂದು ಕಷ್ಟ ಉಂಟು, ಆ ಅಮ್ಮ ಇಷ್ಟು ವರ್ಷ ಕಾಪಾಡಿದ ಗುಟ್ಟನ್ನ ನಾವು ಮೈಕಲ್ಲಿ ಹೇಳಬಾರದು. ಆರಾಧನೆಗೆ ಆ ಅಕ್ಕನೂ ಬಂದು ಹಿಂದಿನ ಬೆಂಚಲ್ಲಿ ಕೂರ್ತಾರೆ. ಹಾಗಾಗಿ ಕಾಯಿಲೆಯ ಹೆಸರಿಲ್ಲದೆ, ಊರಿನ ರೋಗಿಗಳಿಗೆ ಗಂಜಿ ಕುಡಿಸಿ ಮದ್ದು ಕೊಡ್ತಿದ್ರು, ತಪ್ಪಿಸಿದವರ ಮನೆಗೆ ನಡೆದುಕೊಂಡು ಹೋಗ್ತಿದ್ರು ಅಂತಷ್ಟೇ ಬರೆದೆ. ಗೊತ್ತಿದ್ದವರಿಗೆ ಅಷ್ಟು ಸಾಕು.

ನಂಬಿಕೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮ. ಅನ್ಯೋನ್ಯ ಕೂಟದ ಮಿನಿಟ್ಸ್ ಪುಸ್ತಕ ತಿರುವಿದಾಗ ನಡುವೆ ಒಂದು ಕಾಲ ಅವರ ಸಹಿಯೇ ಇಲ್ಲ. ಮಗಳನ್ನ ಮೆಲ್ಲಗೆ ಕೇಳಿದೆ. ಸಣ್ಣ ಮಗ ಬೈಕ್ ಆಕ್ಸಿಡೆಂಟಲ್ಲಿ ಹೋದ ಮೇಲೆ ಅಮ್ಮ ಚರ್ಚಿಗೆ ಬರೋದೇ ಬಿಟ್ಟಿದ್ರಂತೆ, ಪ್ರಾರ್ಥನೆಗೆ ಅಂತ ಮನೆಗೆ ಬಂದವರಿಗೆ ಚಾ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತಿದ್ರಂತೆ. "ಅದನ್ನ ಬರೀಬೇಡಿ, ಜನ ಎಂತ ತಿಳ್ಕೊಳ್ತಾರೆ" ಅಂದ್ರು ಮಗಳು. ನಾನು ಒತ್ತಾಯ ಮಾಡ್ಲಿಲ್ಲ, ಅಮ್ಮನ ಬೈಬಲ್ ಸ್ವಲ್ಪ ತೋರಿಸ್ತೀರಾ ಅಂತ ಕೇಳಿದೆ. ಕೀರ್ತನೆಗಳ ಪುಟದ ಅಂಚಲ್ಲಿ ಪೆನ್ಸಿಲಲ್ಲಿ ತಾರೀಕು ಹಾಕುವ ಅಭ್ಯಾಸ ಅವರಿಗೆ. ಚರ್ಚಿಗೆ ಬಾರದೆ ಇದ್ದ ಆ ಕಾಲದ ತಾರೀಕುಗಳೆಲ್ಲ 88ನೇ ಕೀರ್ತನೆಯ ಪಕ್ಕದಲ್ಲಿ ಒಂದರ ಕೆಳಗೆ ಒಂದು ಇದ್ದವು. ಬೈಬಲ್ ಓದುವವರಿಗೆ ಗೊತ್ತು, ಆ ಕೀರ್ತನೆ ಕತ್ತಲೆಯಲ್ಲೇ ಮುಗೀತದೆ, ಸಮಾಧಾನದ ಮಾತು ಕೊನೆಗೂ ಬರೋದಿಲ್ಲ. ಅವರು ದೇವರನ್ನ ಬಿಟ್ಟಿರಲಿಲ್ಲ, ಮಾತು ಬೆಳೆಸಿ ಜಗಳ ಆಡ್ತಾ ಇದ್ರು. ಮಗಳು ಆ ಪುಟ ನೋಡಿ ತುಂಬ ಹೊತ್ತು ಅತ್ತು, ಆಮೇಲೆ ಅವರೇ "ಬರೀರಿ" ಅಂದ್ರು. ಸಭಾಪಾಲಕರು ಅದನ್ನ ಓದಿದ ಮೇಲೆ ಮಗನನ್ನೋ ಮಗಳನ್ನೋ ಕಳ್ಕೊಂಡ ಒಂದೆರಡು ತಾಯಂದಿರು ನನ್ನ ಹತ್ರ ಬಂದು ಆ ಕೀರ್ತನೆಯ ನಂಬರ್ ಬರ್ಕೊಂಡು ಹೋದ್ರು. "ಆಕೆ ಆಳವಾದ ವಿಶ್ವಾಸಿ" ಅಂತ ಹತ್ತು ಸಲ ಬರೆದಿದ್ರೂ ಅವರು ಬರ್ತಿರಲಿಲ್ಲ.

ಈಗ ಮನೆಯವರ ಹತ್ರ ಗುಣ ಕೇಳೋದು ಬಿಟ್ಟು ಕೆಲಸ ಕೇಳ್ತೇನೆ. ಬೆಳಿಗ್ಗೆ ಎದ್ದು ಮೊದಲು ಎಂತ ಮಾಡ್ತಿದ್ರು, ಯಾರ ಮನೆಗೆ ಹೋಗ್ತಿದ್ರು, ಯಾರ ಹತ್ರ ಮಾತು ಬಿಟ್ಟಿದ್ರು, ಯಾವ ಗೀತೆ ಗುನುಗ್ತಿದ್ರು. ಮತ್ತೆ ನಮ್ಮ ಸಭಾಪಾಲಕರ ಹತ್ರ ಹೇಳಿ ಇನ್ನೊಂದು ಶುರು ಮಾಡಿದ್ದೇವೆ, ಎಂಬತ್ತು ದಾಟಿದವರ ಮನೆಗೆ ಅವರು ಇರುವಾಗಲೇ ಹೋಗಿ ಕೇಳಿ ಬರೆದಿಡೋದು, ಯುವಕ ಸಂಘದ ಮಕ್ಕಳಲ್ಲಿ ಒಬ್ಬರು ಮೊಬೈಲಲ್ಲಿ ರೆಕಾರ್ಡ್ ಮಾಡ್ತಾರೆ. ಮಂಗಳೂರು ಬಲ್ಮಠದ ಬಾಸೆಲ್ ಮಿಶನ್ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ದ ಒಬ್ಬ ಅಜ್ಜ ಇದ್ದಾರೆ, ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದ ಅದೇ ಪ್ರೆಸ್. ಕಿವಿ ಸ್ವಲ್ಪ ಮಂದ, ಬೆಳಿಗ್ಗೆ ಹೊತ್ತು ಚೆನ್ನಾಗಿ ಮಾತಾಡ್ತಾರಂತೆ, ಈ ಶನಿವಾರ ಅವರಲ್ಲಿಗೆ ಹೋಗ್ಲಿಕ್ಕುಂಟು.